ಅಪ್ಪ ಎದ್ದು ನಿಲ್ಲೋಕೆ ಎಷ್ಟು ಫ್ರೇಮ್?

ಹಗಲು ಕೋಡ್ ಬರೆಯೋದು ನನ್ನ ಹೊಟ್ಟೆಪಾಡು. ರಾತ್ರಿ ಊಟ ಮುಗಿಸಿ ಬ್ಲೆಂಡರ್ ತೆಗೆದು ಕೂರೋದು ನನ್ನ ಹುಚ್ಚು. ಉಚಿತವಾಗಿ ಸಿಗೋ ಈ ಸಾಫ್ಟ್‌ವೇರ್‌ನಲ್ಲಿ ಅನಿಮೇಷನ್ ಕಲಿಯೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಈಚೆಗೆ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ: ವಯಸ್ಸಾದ ಒಬ್ಬರು ಕುರ್ಚಿಯಿಂದ ಎದ್ದು ನಿಲ್ಲಬೇಕು. ಅಷ್ಟೇ.

ಸುಲಭ ಅಂದುಕೊಂಡಿದ್ದೆ. ಮೊದಲ ಫ್ರೇಮಿನಲ್ಲಿ ಕೂತ ಪೋಸ್, 24ನೇ ಫ್ರೇಮಿನಲ್ಲಿ ನಿಂತ ಪೋಸ್ ಕೊಟ್ಟೆ. ನಡುವಿನದನ್ನು ಕಂಪ್ಯೂಟರೇ ತುಂಬುತ್ತೆ. ಸೆಕೆಂಡಿಗೆ 24 ಫ್ರೇಮ್, ಅಂದ್ರೆ ಒಂದು ಸೆಕೆಂಡಿನ ಕೆಲಸ. ಪ್ಲೇ ಒತ್ತಿದೆ. ಅಜ್ಜ ಲಿಫ್ಟಿನಲ್ಲಿ ಬಂದ ಹಾಗೆ ಮೇಲಕ್ಕೆ ಬಂದ! ಮೈಗೆ ಭಾರವೇ ಇಲ್ಲ. ನಿಧಾನ ಮಾಡೋಣ ಅಂತ 72 ಫ್ರೇಮಿಗೆ ಎಳೆದೆ. ಈಗ ನೀರಿನೊಳಗೆ ತೇಲಿದ ಹಾಗೆ ಕಾಣಿಸ್ತು. ನಿಧಾನ ಮಾಡಿದ ಮಾತ್ರಕ್ಕೆ ಭಾರ ಬರಲ್ಲ ಅಂತ ಗೊತ್ತಾಯ್ತು.

ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದ ಪುಸ್ತಕದಲ್ಲಿ ಅನಿಮೇಷನ್ನಿನ 12 ಸೂತ್ರಗಳಿವೆ. ಯಾವುದೇ ದೊಡ್ಡ ಚಲನೆಗೆ ಮೊದಲು ದೇಹ ಮಾಡಿಕೊಳ್ಳೋ ತಯಾರಿ ಕಾಣಬೇಕು ಅನ್ನೋದು ಅದರಲ್ಲೊಂದು. ಓದಿದ್ದೆ. ಆದರೆ ಆ ತಯಾರಿ ಹೇಗಿರುತ್ತೆ ಅಂತ ಕಣ್ಣಾರೆ ಗಮನಿಸಿರಲಿಲ್ಲ.

ವಾರದ ಕೊನೆಗೆ ಊರಿಗೆ ಹೋದಾಗ ಅಪ್ಪನನ್ನು ಹಿಡಿದುಕೊಂಡೆ. "ಅಪ್ಪಾ, ಒಂದ್ಸಲ ಕುರ್ಚಿಯಿಂದ ಎದ್ದು ನಿಲ್ಲಿ, ವಿಡಿಯೊ ತಗೋತೀನಿ."

"ಇದಕ್ಕೇನೋ ನಿನ್ನ ಇಂಜಿನಿಯರಿಂಗ್ ಓದಿಸಿದ್ದು?" ನಗುತ್ತಾ ಎದ್ದರು. ಕ್ಯಾಮೆರಾ ಇದೆ ಅಂತ ಚುರುಕಾಗೇ ಎದ್ದರು. ಮತ್ತೆ ಕೂತರು. ಫೋನ್ ಆಫ್ ಮಾಡೋದು ಮರೆತು ಟೀಪಾಯಿ ಮೇಲೆ ಒರಗಿಸಿಟ್ಟೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅಮ್ಮ ಕರೆದರು. ಅಪ್ಪ ಇನ್ನೊಮ್ಮೆ ಎದ್ದರು.

ಬೆಂಗಳೂರಿಗೆ ಬಂದು ಆ ಎರಡನೇ ಸಲದ್ದನ್ನು ಫ್ರೇಮ್ ಫ್ರೇಮಾಗಿ ನೋಡಿದೆ. ಮೊದಲು ಕಣ್ಣು ಅಡುಗೆಮನೆ ಕಡೆ ತಿರುಗಿತು. ಪಾದ ಹಿಂದಕ್ಕೆ ಸರಿಯಿತು. ಕೈ ತಡಕಾಡಿ ಕುರ್ಚಿಯ ಕೈಯನ್ನು ಹಿಡೀತು. ಎದೆ ಮುಂದಕ್ಕೆ ಬಾಗಿ, ತಲೆ ಮಂಡಿಗಿಂತ ಮುಂದೆ ಬಂತು. ಸೊಂಟ ಒಂದಿಷ್ಟು ಮೇಲೆದ್ದು, ಮತ್ತೆ ಕೂತುಬಿಡ್ತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎರಡನೇ ಪ್ರಯತ್ನ. ಪೂರ್ತಿ ನಿಂತ ಮೇಲೂ ಬಲ ಮಂಡಿ ನೆಟ್ಟಗಾಗಲಿಲ್ಲ, ಮೈಭಾರವೆಲ್ಲ ಎಡಗಾಲ ಮೇಲೆ. ಒಟ್ಟು 108 ಫ್ರೇಮ್. ನಾಲ್ಕೂವರೆ ಸೆಕೆಂಡ್.

ಆ ಉಸಿರಿನ ಹೊತ್ತಿನ ಫ್ರೇಮುಗಳಲ್ಲಿ ಅಪ್ಪನ ಮುಖ ನೋಡಿ ಕೈ ಮೌಸ್ ಮೇಲೇ ನಿಂತುಬಿಡ್ತು. ಪ್ರತಿ ಭಾನುವಾರ ಫೋನಿನಲ್ಲಿ "ಆರಾಮಾಗಿದೀನಿ ಕಣೋ" ಅಂತಿದ್ದವರು ಇವರೇ. ಅಮ್ಮನಿಗೆ ಫೋನ್ ಮಾಡಿದೆ. "ಎಂಟು ತಿಂಗಳಾಯ್ತು ಮಗಾ. ನಿನಗೆ ಹೇಳಬೇಡ ಅಂದಿದ್ರು."

ಮುಂದಿನ ವಾರ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡಿ, ಮಂಡಿ ಸವೆದಿದೆ, ಸದ್ಯಕ್ಕೆ ಆಪರೇಷನ್ ಬೇಡ, ದಿನಾ ವ್ಯಾಯಾಮ ಮಾಡಿ, ತಗ್ಗು ಕುರ್ಚಿ ಬಿಡಿ ಅಂದರು. ಈಗ ಅಪ್ಪನ ಕುರ್ಚಿ ಮೇಲೆ ಗಟ್ಟಿ ದಿಂಬು ಬಂದಿದೆ.

ನನ್ನ ಅನಿಮೇಷನ್ನನ್ನೂ ಮೊದಲಿಂದ ಮಾಡಿದೆ. ಈ ಸಲ ನಡುವಿನದನ್ನು ಕಂಪ್ಯೂಟರ್ ತುಂಬದ ಹಾಗೆ ಇಟ್ಟು, ಪೋಸಿನಿಂದ ಪೋಸಿಗೆ ಜಿಗಿಸಿ ಟೈಮಿಂಗ್ ಸರಿ ಮಾಡಿಕೊಂಡೆ. ಸೋತ ಮೊದಲ ಪ್ರಯತ್ನವನ್ನೂ ಸೇರಿಸಿದೆ. ಅದು ಬಂದ ಕೂಡಲೇ ಅಜ್ಜನಿಗೆ ಭಾರ ಬಂತು.

ಅಪ್ಪನಿಗೆ ತೋರಿಸಿದೆ. ಎರಡು ಸಲ ನೋಡಿ, "ಇವನಿಗೂ ಮಂಡಿ ನೋವೇನೋ?" ಅಂದರು.

ಈಗ ವಿಡಿಯೊ ಕಾಲ್‌ನಲ್ಲಿ ಹೇಗಿದ್ದೀರ ಅಂತ ಕೇಳೋದು ಬಿಟ್ಟಿದ್ದೇನೆ. "ಫೋನ್ ಟೀಪಾಯಿ ಮೇಲಿಟ್ಟು ಒಂದ್ಸಲ ಎದ್ದು ನಿಲ್ಲಿ" ಅಂತೀನಿ. ಬೈದುಕೊಂಡೇ ಏಳ್ತಾರೆ. ನಾನು ಮನಸ್ಸಲ್ಲೇ ಎಣಿಸ್ತೀನಿ.