ಉಯೆದಾದ ಮೊದಲ ವಸಂತ

ಯಳಂದೂರಿನಲ್ಲಿ ಹುಟ್ಟಿ ಬೆಳೆದವನಿಗೆ ಪರರಾಜ್ಯಗಮನವೆಂಬುದು ಒಂದು ಕಾಲಕ್ಕೆ ಸಾಹಸದ ಮಾತೇ ಆಗಿರಲಿಲ್ಲ. 1956ರ ನವೆಂಬರಿನಲ್ಲಿ ಕನ್ನಡನಾಡು ಒಂದಾಗುವವರೆಗೂ ನಮ್ಮೂರು ಮೈಸೂರಿಗೆ ಸೇರಿದ್ದಿತು. ಹತ್ತು ಮೈಲಿಯಾಚೆಯ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ರೇಷ್ಮೆಗೂಡನ್ನು ಗಾಡಿಗೆ ಹೇರಿಕೊಂಡು ಹೊರಡುತ್ತಿದ್ದ ನಮ್ಮ ತಂದೆಯವರು ಬೆಳಗಿನ ಗಂಜಿಯನ್ನು ಒಂದು ರಾಜ್ಯದಲ್ಲಿ ಕುಡಿದು, ನಡುಹಗಲಿನ ಮುದ್ದೆಯನ್ನು ಇನ್ನೊಂದು ರಾಜ್ಯದಲ್ಲಿ ಉಂಡು, ದೀಪ ಹಚ್ಚುವ ಹೊತ್ತಿಗೆ ಸ್ವರಾಜ್ಯಕ್ಕೆ ಹಿಂದಿರುಗುತ್ತಿದ್ದರು. ಅಂಥವರ ಮಗನಾದ ನಾನು ಕೊಲಂಬೊ ಯೋಜನೆಯ ಅನ್ವಯ ರೇಷ್ಮೆಶಾಸ್ತ್ರವನ್ನು ಅಭ್ಯಸಿಸಲು ಜಪಾನಿಗೆ ಹೊರಟಾಗ, ನಮ್ಮ ಸೋದರತ್ತೆಯವರು, “ಹುಳ ಸಾಕೋದು ಕಲಿಯೋಕೆ ಸಮುದ್ರ ದಾಟಬೇಕೇನಪ್ಪ? ನಿಮ್ಮಜ್ಜಿ ಕೇಳಿದ್ರೆ ಹೇಳಿಕೊಡ್ತಿರಲಿಲ್ವೆ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಜಮ್‌ಶೆಟ್‌ಜಿ ತಾತಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ತೆರೆದು ಜಪಾನಿನ ತಜ್ಞರನ್ನು ಕರೆಸಿದ್ದರು; ಗುರುಗಳು ಒಮ್ಮೆ ನಮ್ಮ ಮನೆಬಾಗಿಲಿಗೆ ಬಂದುಹೋದ ಮೇಲೆ ಶಿಷ್ಯನೊಬ್ಬನು ಅವರ ಮನೆಗೆ ಹೋಗುವುದರಲ್ಲಿ ತಪ್ಪೇನೂ ಇರಲಿಲ್ಲ.

ಸಮುದ್ರಯಾನವನ್ನು ಕುರಿತು ವಿಸ್ತಾರವಾಗಿ ಬರೆಯಲಾರೆ. ಮುಂಬಯಿಯಿಂದ ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್‌ಗಳ ಮಾರ್ಗವಾಗಿ ಸಾಗಿದ ಆ ಹಡಗಿನಲ್ಲಿ ನಾನು ಬಹುಕಾಲ ಮಲಗಿಯೇ ಇದ್ದೆನು. 1960ರ ಮಾರ್ಚ್ ತಿಂಗಳ ಕೊನೆಯಲ್ಲಿ ಯೊಕೊಹಾಮಾ ಬಂದರಿನಲ್ಲಿ ಇಳಿದಾಗ, ಹಡಗುಕಟ್ಟೆಗೆ ಅನತಿದೂರದಲ್ಲಿಯೇ, ಹಿಂದಿನ ವರ್ಷವಷ್ಟೇ ತೆರೆದಿದ್ದ ರೇಷ್ಮೆ ಭವನವು ಕಣ್ಣಿಗೆ ಬಿದ್ದಿತು. 1859ರಲ್ಲಿ ಈ ಬಂದರು ಪರದೇಶದವರಿಗೆ ತೆರೆದಂದಿನಿಂದ ಆ ದೇಶವು ಹಡಗುಗಳನ್ನೂ ಯಂತ್ರಗಳನ್ನೂ ಕೊಂಡದ್ದು ಬಹುಪಾಲು ಕಚ್ಚಾ ರೇಷ್ಮೆಯ ಹಣದಿಂದ. ಹುಳುವಿನ ಋಣವನ್ನು ಊರಬಾಗಿಲಿನಲ್ಲಿಯೇ ಒಪ್ಪಿಕೊಂಡ ಆ ಜನರ ಮೇಲೆ ನನಗೆ ಮೊದಲ ನೋಟಕ್ಕೇ ಗೌರವವುಂಟಾಯಿತು.

ನಾನು ಓದಬೇಕಾಗಿದ್ದ ಉಯೆದಾ ಪಟ್ಟಣದ ರೈಲು ಆಗ ಹೊರಡುತ್ತಿದ್ದುದು ಟೋಕಿಯೊ ನಗರದ ಉಯೆನೊ ನಿಲ್ದಾಣದಿಂದ. ಮಧ್ಯಾಹ್ನದ ಗಾಡಿಗೆ ಇನ್ನೂ ಸಾಕಷ್ಟು ಸಮಯವಿದ್ದುದರಿಂದ, ಸಾಮಾನನ್ನು ನಿಲ್ದಾಣದಲ್ಲಿಟ್ಟು, ಪಕ್ಕದ ಉದ್ಯಾನದಲ್ಲಿರುವ ಮೃಗಾಲಯಕ್ಕೆ ಹೋದೆನು. ನಮ್ಮ ನಾಡಿನವಳೊಬ್ಬಳು ಅಲ್ಲಿದ್ದಾಳೆಂಬುದನ್ನು ಹೊರಡುವ ಮುನ್ನವೇ ಕೇಳಿದ್ದೆನು. ಯುದ್ಧಕಾಲದಲ್ಲಿ, 1943ರಲ್ಲಿ, ಆ ಮೃಗಾಲಯದ ಆನೆಗಳನ್ನು ಮೇವಿಲ್ಲದೆ ಸಾಯಗೊಟ್ಟಿದ್ದರು. ಯುದ್ಧವು ಮುಗಿದ ಮೇಲೆ ಅಲ್ಲಿನ ಮಕ್ಕಳು ಆನೆ ಬೇಕೆಂದು ಪಂಡಿತ ನೆಹರೂ ಅವರನ್ನು ಬೇಡಲು, ಅವರು 1949ರಲ್ಲಿ ತಮ್ಮ ಮಗಳ ಹೆಸರಿನ ‘ಇಂದಿರಾ’ ಎಂಬ ಹೆಣ್ಣಾನೆಯನ್ನು ಕಳುಹಿಸಿಕೊಟ್ಟರು. ಅದು ಮೈಸೂರಿನಲ್ಲಿ ಪಳಗಿದ ಆನೆ. ಕನ್ನಡದ ಅಪ್ಪಣೆಯಲ್ಲದೆ ಬೇರೊಂದನ್ನು ತಿಳಿಯದ ಅದಕ್ಕಾಗಿ, ಜೊತೆಯಲ್ಲಿ ಹೋದ ಮೈಸೂರಿನ ಮಾವುತರು ಜಪಾನಿನ ಮಾವುತರಿಗೆ ನಮ್ಮ ನುಡಿಯ ಪಾಠ ಹೇಳಬೇಕಾಯಿತಂತೆ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಆನೆಯೆಂದರೆ ರಾತ್ರಿ ಜೋಳದ ಹೊಲಕ್ಕೆ ನುಗ್ಗುವ ಉಪದ್ರವವೆಂದೇ ತಿಳಿದಿದ್ದ ನಾನು, ಕಟಕಟೆಯ ಮುಂದೆ ನಿಂತು, “ಏನಮ್ಮ, ಚೆನ್ನಾಗಿದ್ದೀಯಾ?” ಎಂದು ಕೇಳಿದೆನು. ಅವಳು ಹುಲ್ಲು ಮೆಲ್ಲುತ್ತಲೇ ಇದ್ದಳು. ಕಿವಿ ಅಲ್ಲಾಡಿದ್ದು ನಿಜ. ಆದರೆ ಆನೆಯ ಕಿವಿ ಯಾರ ಮಾತಿಗೂ ಕಾಯದೆ ಅಲ್ಲಾಡುತ್ತದೆ. ಸುತ್ತಲಿದ್ದ ಶಾಲೆಯ ಮಕ್ಕಳು ಮಾತ್ರ ಆನೆಯನ್ನು ಬಿಟ್ಟು ನನ್ನನ್ನು ನೋಡಲಾರಂಭಿಸಿದರು.

ಮಧ್ಯಾಹ್ನದ ಗಾಡಿಯ ದಾರಿಯಲ್ಲಿ, ಯೊಕೊಕಾವಾ ಎಂಬಲ್ಲಿಂದ ಮುಂದೆ ಉಸುಯಿ ಘಟ್ಟ. ಹದಿನೈದು ಅಡಿಗೆ ಒಂದಡಿ ಏರುವ ಆ ದಾರಿಯಲ್ಲಿ, ನಮ್ಮ ಉದಕಮಂಡಲದ ರೈಲಿನಂತೆಯೇ ನಡುವೆ ಹಲ್ಲುಪಟ್ಟಿಯಿಟ್ಟು ಗಾಡಿಯನ್ನು ಆಗ ಹತ್ತಿಸುತ್ತಿದ್ದರು. ಸುರಂಗಗಳು ಒಟ್ಟು 26. ಏರುವ ಎಂಜಿನನ್ನು ಕಟ್ಟುವ ಬಿಡುವಿನಲ್ಲಿ ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ಬಿಸಿ ಅನ್ನವನ್ನು ಕಿಟಕಿಯ ಬಳಿಗೇ ತಂದು ಮಾರುತ್ತಿದ್ದರು. ಕೋಳಿಮಾಂಸ ಬೆರೆತ ಅದನ್ನು ನಾನು ಮುಟ್ಟುವಂತಿರಲಿಲ್ಲ. ಎದುರಿಗೆ ಕುಳಿತಿದ್ದ ವೃದ್ಧರೊಬ್ಬರು ಉಂಡು ಮುಗಿಸಿ, ನಾನು ಕುಡಿಕೆಯನ್ನೇ ದೃಷ್ಟಿಸುತ್ತಿದ್ದುದನ್ನು ಕಂಡು, ಅದನ್ನು ತೊಳೆದು ತಂದು ಎರಡು ಕೈಗಳಿಂದಲೂ ನನಗೆ ಒಪ್ಪಿಸಿದರು. ಅದರಲ್ಲಿ ನಾನು ಮುಂದೆ ಎಷ್ಟೋ ದಿನ ಸಾರು ಕಾಯಿಸಿಕೊಂಡೆನು.

ಘಟ್ಟದಾಚೆಗೆ, ಅಸಾಮಾ ಎಂಬ ಜ್ವಾಲಾಮುಖಿಯ ಮಗ್ಗುಲಿನಲ್ಲಿ ಹಾಯ್ದು, ಚಿಕುಮಾ ನದಿಯ ತೀರದ ಉಯೆದಾವನ್ನು ಸಂಜೆಗೆ ಸೇರಿದೆವು. ಸನಾದಾ ವಂಶದವರು 1583ರಲ್ಲಿ ಕಟ್ಟಲಾರಂಭಿಸಿದ ಕೋಟೆಯುಳ್ಳ ಊರು ಅದು; 1910ರಲ್ಲಿ ಅಲ್ಲಿ ಸ್ಥಾಪಿತವಾದ ರೇಷ್ಮೆ ಕಾಲೇಜು 1949ರಿಂದೀಚೆಗೆ ಶಿನ್‌ಶು ವಿಶ್ವವಿದ್ಯಾನಿಲಯದ ಜವಳಿ ವಿಭಾಗವಾಗಿದೆ. ಮರುದಿನ ಬೆಳಗ್ಗೆ ಹಿಪ್ಪುನೇರಳೆಯ ತೋಟವನ್ನು ತೋರಿಸಿರೆಂದು ಕೇಳಿದೆನು. ತೋರಿಸಿದರು. ಒಂದೆಲೆಯೂ ಇಲ್ಲದ, ಮುಷ್ಟಿಗಟ್ಟಿದಂತೆ ನಿಂತ ಕಪ್ಪು ಮೋಟುಗಳ ಸಾಲುಗಳು! ಸುವರ್ಣಾವತಿಯ ನೀರು ಹರಿಯುವ ನಮ್ಮ ಬಯಲಿನಲ್ಲಿ ಹಿಪ್ಪುನೇರಳೆಗೆ ಕೊಯ್ಲಿನ ಬಿಡುವಲ್ಲದೆ ಬೇರೊಂದು ಬಿಡುವನ್ನು ನಾನು ಕಂಡವನಲ್ಲ. ತೋಟಕ್ಕೆ ರೋಗವೇನಾದರೂ ತಗುಲಿತೇ ಎಂದು ಕೇಳಲು, ಅಧ್ಯಾಪಕರು ನಕ್ಕು, ಮೇ ತಿಂಗಳವರೆಗೆ ಕಾಯಿರಿ, ಆಗಲೂ ಕಡೆಯ ಮಂಜು ಕವಿದು ಚಿಗುರು ಸುಡದಿದ್ದರೆ ನಮ್ಮ ಪುಣ್ಯ ಎಂದರು.

ಆ ಕಾಯುವ ವಾರಗಳೇ ನನಗೆ ಕಠಿಣವಾದುವು. ಹಾಸಿಗೆಯನ್ನು ಬೆಳಗಾದೊಡನೆ ಸುತ್ತಿ ಗೂಡಿನಲ್ಲಿಡುವುದು, ಚಪ್ಪಲಿಯನ್ನು ಹೊಸ್ತಿಲಲ್ಲಿ ಬಿಡುವುದು, ನೆಲದ ಮೇಲೆ ಕುಳಿತು ಉಣ್ಣುವುದು ಇವೆಲ್ಲ ಯಳಂದೂರಿನವನಿಗೆ ಹೊಸತಲ್ಲ. ಇಂಗ್ಲೆಂಡಿಗೆ ಹೋದ ಗೆಳೆಯರಿಗೆ ಈ ಸುಖ ದೊರೆತಿರಲಾರದು. ತೊಡಕಾದುದು ಊಟ. ಬಿಡಾರದ ಯಜಮಾನಿತಿ ಪ್ರೀತಿಯಿಂದ ಬಡಿಸಿದ ಸಾರಿನಲ್ಲಿ ಒಣಮೀನಿನ ರಸವಿದ್ದಿತು. ನಾನು ಶಾಕಾಹಾರಿಯೆಂಬುದನ್ನು ನಿಘಂಟಿನ ನೆರವಿನಿಂದ ಎಷ್ಟು ವಿವರಿಸಿದರೂ ಆಕೆಗೆ ತಿಳಿಯದಿರಲು, ಕಡೆಗೆ ಬೌದ್ಧಭಿಕ್ಷುಗಳಂತೆ ಎಂದೆನು. ತಕ್ಷಣವೇ ತಿಳಿಯಿತು. ಅಂದಿನಿಂದ ಸಮುದ್ರದ ಪಾಚಿಯ, ಒಣ ಅಣಬೆಯ ಸಾರು, ಹುರುಳಿಗೋಧಿಯ ಶಾವಿಗೆ, ಉಪ್ಪಿನಲ್ಲಿ ಹಾಕಿದ ಸೊಪ್ಪು ನನ್ನ ಪಾಲಿಗೆ ಬಂದುವು. ಜೊತೆಗೆ ಅರೆಸನ್ಯಾಸಿಯ ಮರ್ಯಾದೆಯೂ ಬಂದುದರಿಂದ, ಸಿನಿಮಾ ನೋಡಲು ಹೋಗುವಾಗ ಆಕೆಯ ಕಣ್ಣು ತಪ್ಪಿಸಿ ಹೋಗಬೇಕಾಗುತ್ತಿದ್ದಿತು.

ಮೇ ತಿಂಗಳಲ್ಲಿ ಚಿಗುರೊಡೆಯಿತು. ಶೀತಗೃಹದಲ್ಲಿ ಚಳಿಗಾಲವನ್ನು ಕಳೆದ ಮೊಟ್ಟೆಗಳನ್ನು ಹೊರತೆಗೆದರು. ಅವರ ಹುಳು ನಮ್ಮ ಮೈಸೂರು ತಳಿಯಂತೆ ವರ್ಷವಿಡೀ ಬೆಳೆ ಕೊಡುವಂಥದಲ್ಲ. ಆದರೆ ನಮ್ಮ ಹಳದಿ ಗೂಡಿನ ಎಳೆ ಸುಮಾರು 350 ಮೀಟರು ಬಂದರೆ, ಅವರ ಬಿಳಿಯ ಗೂಡಿನದು 1000 ಮೀಟರನ್ನು ಮೀರುತ್ತದೆ. ತೊಯಾಮಾ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಾಕಿಕೊಟ್ಟ ಮಿಶ್ರತಳಿಯ ಮಾರ್ಗವೇ ಇದಕ್ಕೆ ಕಾರಣವೆಂದು ನಾನು ಪುಸ್ತಕದಲ್ಲಿ ಓದಿದ್ದೆನು. ಹುಳುಮನೆಯಲ್ಲಿ ಕಂಡದ್ದು ಬೇರೆಯೇ. ಮೊಟ್ಟೆ ಒಡೆಯುವ ಮುನ್ನ ತಟ್ಟೆ, ಬಲೆ, ಗೋಡೆ, ನೆಲ ಯಾವುದನ್ನೂ ಬಿಡದೆ ಫಾರ್ಮಲಿನ್ನಿನಿಂದ ತೊಳೆದರು. ಒಳಹೋಗುವವನು ಪ್ರಾಧ್ಯಾಪಕನಾದರೂ ಕೈಕಾಲು ತೊಳೆದು ಬೇರೆ ಪಾದರಕ್ಷೆ ಮೆಟ್ಟಬೇಕು. ಪೊರೆ ಕಳಚುವ ಪ್ರತಿಯೊಂದು ‘ಜ್ವರ’ದಲ್ಲಿಯೂ ಹುಳುಗಳು ಮಲಗಿ ಏಳುವವರೆಗೆ ಸೊಪ್ಪು ಹಾಕುವಂತಿಲ್ಲ, ಹಾಸಿಗೆ ಕದಲಿಸುವಂತಿಲ್ಲ. ನಮ್ಮಲ್ಲಿಯೂ ಪರಕೀಯರನ್ನು ಹುಳುಮನೆಗೆ ಬಿಡುವುದಿಲ್ಲ, ದೃಷ್ಟಿ ತಾಕೀತೆಂದು. ಅವರು ಬಿಡದಿರುವುದು ಸೋಂಕು ತಾಕೀತೆಂದು. ನಮ್ಮಜ್ಜಿಯ ನಿಯಮದಲ್ಲಿ ದೋಷವಿರಲಿಲ್ಲ, ಮನೆಯವರ ಕಾಲುಗಳಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. ಟೋಕಿಯೊದ ಅರಮನೆಯಲ್ಲಿ 1871ರಿಂದಲೂ ಸಾಮ್ರಾಜ್ಞಿಯರು ಸ್ವಹಸ್ತದಿಂದ ಹುಳುಗಳಿಗೆ ಸೊಪ್ಪು ಹಾಕುವ ಪದ್ಧತಿಯುಂಟೆಂದು ಕೇಳಿದ್ದೇನೆ. ಅಂಥ ದೇಶದಲ್ಲಿ ಕೈ ತೊಳೆಯಲು ಯಾರೂ ನಾಚುವುದಿಲ್ಲ.

ಮಾಂಬಳ್ಳಿ, ಅಗರ, ಮುಡಿಗುಂಡಗಳ ಸಾಕಣೆದಾರರಲ್ಲಿ ನನ್ನದೊಂದು ಬಿನ್ನಹ. ಜಪಾನಿನ ತಳಿ ನಮ್ಮ ಸೆಕೆಗೆ ಒಗ್ಗುವುದೋ ಇಲ್ಲವೋ, ಅದನ್ನು ಇಲಾಖೆಯವರು ಪರೀಕ್ಷಿಸಲಿ. ಮುಂದಿನ ಬೆಳೆಗೆ ಮೊಟ್ಟೆ ತರುವ ಮೊದಲು ತಟ್ಟೆಗಳನ್ನೂ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೂ ಬಿಸಿಲಿಗೆ ಹಾಕಿ, ಹುಳುಮನೆಯನ್ನು ಶೇಕಡಾ 2ರ ಫಾರ್ಮಲಿನ್ ದ್ರಾವಣದಿಂದ ತೊಳೆದು, ಒಂದು ಹಗಲು ಒಂದು ರಾತ್ರಿ ಕದವಿಕ್ಕಿ ಬಿಡಿ. ಇಷ್ಟಕ್ಕೆ ಸಮುದ್ರ ದಾಟಬೇಕಾಗಿಲ್ಲ.