ಮಗು ಹಾಕಿ ಸ್ಟಿಕ್ ಕೇಳಿದರೆ ಅಪ್ಪ-ಅಮ್ಮ ಏನು ಮಾಡಬೇಕು?

ಊರಿನಿಂದ ಫೋನ್ ಮಾಡುವವರು ಈಗೀಗ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: "ನಿಮ್ಮ ಮಗಳು ಹಾಕಿ ಆಡ್ತಾಳಂತೆ, ನಮ್ಮ ಹುಡುಗನೂ ಕೇಳ್ತಿದ್ದಾನೆ, ಸೇರಿಸಬಹುದಾ? ಖರ್ಚೆಷ್ಟು? ಪೆಟ್ಟಾಗಲ್ವಾ?" ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇವೆ. ನಾವು ಗಂಡ-ಹೆಂಡತಿ ಇಬ್ಬರೂ ಆಟಗಾರರಲ್ಲ. ಗೌರಿಬಿದನೂರು ಕಡೆಯ ಹಳ್ಳಿಯಿಂದ ಬಂದು ಯಲಹಂಕದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಒಂಬತ್ತು ವರ್ಷದ ಮಗಳು ಒಂದೂವರೆ ವರ್ಷದಿಂದ ಆಡುತ್ತಿದ್ದಾಳೆ. ಅಷ್ಟರಲ್ಲಿ ಕಂಡಿದ್ದು, ಕೇಳಿದ್ದು ಇದು.

ಮೊದಲು ಮನೆಯೊಳಗಿನ ಮಾತು. ಮಗಳು ಸೇರುತ್ತಾಳೆ ಎಂದಾಗ ಊರಿನಲ್ಲಿ ಅಜ್ಜಿ, "ಹೆಣ್ಣುಮಗು ಕಣಮ್ಮ, ಹಲ್ಲು ಮುರ್ಕೊಂಡ್ರೆ ನಾಳೆ ಯಾರು ನೋಡ್ತಾರೆ?" ಅಂದರು. ಆ ಭಯವನ್ನು ನಾವು ತಳ್ಳಿಹಾಕಲಿಲ್ಲ. ಹಲ್ಲಿನ ಭಯಕ್ಕೆ ಉಪಾಯವಿದೆ, ಮುಂದೆ ಹೇಳುತ್ತೇವೆ. 'ಹೆಣ್ಣುಮಗು' ಎಂಬ ಮಾತಿಗೆ ಮಾತ್ರ ಅವತ್ತೇ ಉತ್ತರ ಕೊಟ್ಟೆವು. 1960ರ ದಶಕದಲ್ಲಿ ಇದೇ ಬೆಂಗಳೂರಿನ ಎಲ್ವೇರಾ, ರೀಟಾ, ಮೇ ಬ್ರಿಟ್ಟೊ ಎಂಬ ಮೂವರು ಅಕ್ಕತಂಗಿಯರು ಮೈಸೂರು ರಾಜ್ಯದ ಪರ ಆಡಿ ರಾಷ್ಟ್ರೀಯ ಪ್ರಶಸ್ತಿಗಳನ್ನು ಸಾಲಾಗಿ ಗೆದ್ದರು. ಎಲ್ವೇರಾ ಅವರಿಗೆ 1965ರಲ್ಲೇ ಅರ್ಜುನ ಪ್ರಶಸ್ತಿ ಬಂತು. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಪ್ಪ, ಮಗಳು, ಸೊಸೆ ಒಂದೇ ತಂಡದಲ್ಲಿ ಆಡುವುದುಂಟು. ಅಜ್ಜಿ ಒಪ್ಪಲಿಲ್ಲ, ಆದರೆ ಸುಮ್ಮನಾದರು.

ಏನು ಕೊಳ್ಳಬೇಕು, ಏನು ಬೇಡ

ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ಬಹುತೇಕ ಕೋಚ್‌ಗಳ ಹತ್ತಿರ ಹಳೆಯ ಸ್ಟಿಕ್ ಇರುತ್ತವೆ. ಮಗು ನಾಲ್ಕು ವಾರ ತಾನಾಗಿ ಎದ್ದು ಹೊರಟರೆ ಆಮೇಲೆ ಅಂಗಡಿಗೆ ಹೋಗಿ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಡಗಿಯೊಬ್ಬರ ಮಗ, ಹುಡುಗನಾಗಿದ್ದಾಗ ಬಿದಿರಿನ ಕೋಲಿನಲ್ಲಿ ಆಡಿದವರು. ಆಮೇಲೆ ದೇಶಕ್ಕೆ ಆಡಿ 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ದುಬಾರಿ ಸ್ಟಿಕ್ ಇಲ್ಲದಿದ್ದರೆ ಮಗು ಕಲಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಇದನ್ನು ನೆನೆಸಿಕೊಳ್ಳಿ.

ಸ್ಟಿಕ್ಕಿನ ಅಳತೆ ಸುಲಭ. ಮಗುವನ್ನು ಶೂ ಹಾಕಿಸಿ ನಿಲ್ಲಿಸಿ, ಸ್ಟಿಕ್ಕನ್ನು ಪಕ್ಕದಲ್ಲಿ ನೆಟ್ಟಗೆ ಹಿಡಿಯಿರಿ. ಮೇಲಿನ ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು. "ಬೆಳೆಯುವ ಮಗು" ಎಂದು ಉದ್ದದ್ದು ಕೊಂಡರೆ ಬೆನ್ನು ಬಗ್ಗಿಸುವುದನ್ನು ಕಲಿಯುವುದೇ ಇಲ್ಲ. ಸಮವಸ್ತ್ರ ಒಂದು ಅಳತೆ ದೊಡ್ಡದು ಹೊಲಿಸಿದಂತೆ ಇದನ್ನು ಮಾಡಲಾಗದು. ನಾವು ಜಲಂಧರ್‌ನಲ್ಲಿ ತಯಾರಾದ ಮರದ ಸ್ಟಿಕ್ಕಿಗೆ 700 ರೂಪಾಯಿ ಕೊಟ್ಟೆವು, ಈಗಲೂ ಅದೇ ಇದೆ.

ಎಡಗೈ ಮಕ್ಕಳ ಅಪ್ಪ-ಅಮ್ಮ ಕೇಳುವುದುಂಟು, ಎಡಗೈಗೆ ಬೇರೆ ಸ್ಟಿಕ್ ಸಿಗುತ್ತದಾ ಎಂದು. ಇಲ್ಲ. ಎಲ್ಲರಿಗೂ ಒಂದೇ ಬಗೆ. ಎಡಗೈ ಮೇಲೆ, ಬಲಗೈ ಕೆಳಗೆ. ಚಪ್ಪಟೆ ಮುಖದಿಂದ ಮಾತ್ರ ಚೆಂಡು ಮುಟ್ಟಬೇಕು, ಹಿಂಬದಿ ತಾಗಿದರೆ ಫೌಲ್. ಸ್ಟಿಕ್ಕನ್ನು ತಿರುಗಿಸುವ ಕೆಲಸವೆಲ್ಲ ಎಡಗೈಯದ್ದೇ, ಹಾಗಾಗಿ ಎಡಗೈ ಮಗುವಿಗೆ ನಷ್ಟವೇನೂ ಇಲ್ಲ.

ಪೆಟ್ಟಿನ ವಿಚಾರ

ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಗಟ್ಟಿ. ಹೆಚ್ಚುಕಡಿಮೆ ಕ್ರಿಕೆಟ್‌ನ ಲೆದರ್ ಬಾಲ್‌ನಷ್ಟೇ ಭಾರ. ಅದಕ್ಕೇ ಎರಡು ವಸ್ತುವಿಗೆ ಮಾತ್ರ ಜಿಪುಣತನ ಬೇಡ: ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಪ್ಯಾಡ್, ಮತ್ತು ಹಲ್ಲಿಗೆ ಹಾಕುವ ಮೌತ್ ಗಾರ್ಡ್. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚಿಸಿದರೆ ಹಲ್ಲಿನ ಆಕಾರಕ್ಕೆ ಕೂರುವ ಮೌತ್ ಗಾರ್ಡ್ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿನಲ್ಲಿ ಆಗಾಗ ಬದಲಿಸಬೇಕಾಗುತ್ತದೆ.

ಒಂದು ವೇಳೆ ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಎಸೆಯಬೇಡಿ. ಬೇರಿನ ಕಡೆ ಮುಟ್ಟದೆ, ಮೇಲ್ಭಾಗ ಹಿಡಿದು ಒಂದು ಲೋಟ ಹಾಲಿಗೆ ಹಾಕಿ, ತಡಮಾಡದೆ ದಂತವೈದ್ಯರ ಹತ್ತಿರ ಓಡಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹೋದರೆ ಮತ್ತೆ ಕೂರಿಸುವ ಅವಕಾಶ ಚೆನ್ನಾಗಿರುತ್ತದೆ. ತಲೆಗೆ ಪೆಟ್ಟಾದರೆ ಅವತ್ತು ಆಟ ಮುಗಿಯಿತು, ಮಗು "ಏನೂ ಆಗಿಲ್ಲ" ಎಂದು ಅತ್ತರೂ ಮುಗಿಯಿತು. ವಾಂತಿ, ಮಂಪರು, ಗೊಂದಲದ ಮಾತು ಕಂಡರೆ ನೇರ ಆಸ್ಪತ್ರೆಗೆ.

ಕೆನಡಾದಲ್ಲಿರುವ ನಮ್ಮ ಸಂಬಂಧಿಕರ ಮನೆಯಲ್ಲೂ ಇದೇ ಮಾತು ನಡೆಯುತ್ತದೆ. ಅಲ್ಲಿ ಹಾಕಿ ಎಂದರೆ ಐಸ್ ಹಾಕಿ. ಐದಾರು ವರ್ಷದ ಮಕ್ಕಳು ಮುಖ ಮುಚ್ಚುವ ಜಾಲರಿ ಹೆಲ್ಮೆಟ್ ಹಾಕಿಕೊಂಡು ಮೊದಲು ಬೀಳುವುದನ್ನು, ಬಿದ್ದು ಏಳುವುದನ್ನು ಕಲಿಯುತ್ತಾರೆ. ಮೈಗೆ ಮೈ ಗುದ್ದಿ ಚೆಂಡಿನ ಬದಲಿನ ಬಿಲ್ಲೆಯನ್ನು ಕಸಿಯುವುದು ದೊಡ್ಡವರ ಆಟದಲ್ಲಿ ಸರಿ. ಹನ್ನೊಂದು-ಹನ್ನೆರಡು ವರ್ಷದ ಮಕ್ಕಳ ಆಟದಲ್ಲಿ ಅದನ್ನು ಅಮೆರಿಕ 2011ರಲ್ಲಿ, ಕೆನಡಾ 2013ರಲ್ಲಿ ನಿಲ್ಲಿಸಿದವು. ಆಟವನ್ನು ಅಷ್ಟು ಹಚ್ಚಿಕೊಂಡ ದೇಶಗಳೇ ಮಕ್ಕಳ ತಲೆಗಾಗಿ ನಿಯಮ ಬದಲಿಸಿದ ಮೇಲೆ, ಮೌತ್ ಗಾರ್ಡ್ ಹಾಕಿಕೊಂಡವರನ್ನು ಹೆದರುಪುಕ್ಕಲರು ಎಂದು ನಗುವ ಕೋಚ್ ಸಿಕ್ಕರೆ ನಾವು ಬೇರೆ ಮೈದಾನ ಹುಡುಕುವುದೇ ಸರಿ.

ಮೈದಾನ, ಬಸ್ಸು, ಬುತ್ತಿ

ಮಗಳು ವಾರಕ್ಕೆ ಮೂರು ದಿನ ನಮ್ಮ ಏರಿಯಾದ ಮಣ್ಣಿನ ಮೈದಾನದಲ್ಲಿ ಆಡುತ್ತಾಳೆ. ದೊಡ್ಡ ಪಂದ್ಯಗಳೆಲ್ಲ ಈಗ ಸಿಂಥೆಟಿಕ್ ಟರ್ಫ್ ಮೇಲೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಆಟವೇ ಅಲ್ಲಿಗೆ ಹೋಯಿತು. ನಮ್ಮ ಕಡೆಯ ಮಕ್ಕಳಿಗೆ ಟರ್ಫ್ ಎಂದರೆ ಶಾಂತಿನಗರದ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಕಿ ಕ್ರೀಡಾಂಗಣ. ತಿಂಗಳಿಗೆ ಒಂದೆರಡು ಭಾನುವಾರ ಕೋಚ್ ಮಕ್ಕಳನ್ನು ಅಲ್ಲಿಗೆ ಕರೆಸುತ್ತಾರೆ. ಯಲಹಂಕದಿಂದ ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು. ಆರೂವರೆಯೊಳಗೆ ಹೊರಟರೆ ಹೆಬ್ಬಾಳ ಫ್ಲೈಓವರ್ ಸಲೀಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಅಮ್ಮ-ಮಗಳಿಗೆ ಟಿಕೆಟ್ ದುಡ್ಡಿಲ್ಲ. ಇದು ಸಣ್ಣ ವಿಷಯವಲ್ಲ. ನಮ್ಮ ಜೊತೆ ಬರುವ ಮೂರು ಅಮ್ಮಂದಿರು ಮನೆಗೆಲಸಕ್ಕೆ ಹೋಗುವವರು, ಅವರ ಹೆಣ್ಣುಮಕ್ಕಳು ಟರ್ಫ್ ಮುಟ್ಟಿದ್ದೇ ಹೀಗೆ.

ಡಬ್ಬಿಯ ಪೌಡರು, ಎನರ್ಜಿ ಡ್ರಿಂಕು ಬೇಡ. ಆಟಕ್ಕೆ ಮೊದಲು ಬಾಳೆಹಣ್ಣು, ಆದ ಮೇಲೆ ಕಡಲೆಕಾಯಿ ಚಿಕ್ಕಿ, ಬೇಯಿಸಿದ ಮೊಟ್ಟೆ ಅಥವಾ ಕಡಲೆಕಾಳು ಉಸಲಿ, ಮನೆಗೆ ಬಂದು ಮುದ್ದೆ ಸಾರು. ನೀರು ಮಾತ್ರ ಬಾಯಾರುವವರೆಗೆ ಕಾಯದೆ ಕುಡಿಯಲಿ.

ಗೋಲಿನ ಲೆಕ್ಕ ಕೇಳಬೇಡಿ

ಮೈದಾನದ ಅಂಚಿನಲ್ಲಿ ನಿಂತು "ಹೊಡಿ, ಹೊಡಿ" ಎಂದು ಕೂಗುವ ಅಪ್ಪಂದಿರು ಎಲ್ಲ ಕಡೆ ಇದ್ದಾರೆ. ಕೋಚ್ "ಪಾಸ್ ಮಾಡು" ಅನ್ನುತ್ತಿರುತ್ತಾರೆ, ಅಪ್ಪ "ಹೊಡಿ" ಅನ್ನುತ್ತಾರೆ. ಮಗು ಯಾರ ಮಾತು ಕೇಳಬೇಕು? ಹನ್ನೊಂದು ಜನರಲ್ಲಿ ಗೋಲ್‌ಕೀಪರ್, ಫುಲ್‌ಬ್ಯಾಕ್ ವರ್ಷವಿಡೀ ಒಂದು ಗೋಲನ್ನೂ ಹೊಡೆಯದಿರಬಹುದು, ಆದರೂ ಅವರಿಲ್ಲದೆ ತಂಡ ನಿಲ್ಲದು. ನಾವು ಬಸ್ಸಿನಲ್ಲಿ ಕೇಳುವುದು ಎರಡೇ: "ಹಸಿವಾಯ್ತಾ? ಇವತ್ತು ಯಾವುದು ಇಷ್ಟ ಆಯ್ತು?" ಉಳಿದದ್ದನ್ನು ಮಗಳೇ ಹೇಳುತ್ತಾಳೆ. ಕೆಲವು ದಿನ ಏನೂ ಹೇಳದೆ ನಿದ್ದೆ ಮಾಡುತ್ತಾಳೆ.

ವಯಸ್ಸು ತಿದ್ದಬೇಡಿ

ಪರಿಚಯದವರೊಬ್ಬರು ನಮಗೆ ಸಲಹೆ ಕೊಟ್ಟರು: "ಎರಡು ವರ್ಷ ಕಡಿಮೆ ಬರೆಸಿ, ಸೆಲೆಕ್ಷನ್‌ಗೆ ಅನುಕೂಲ." ಈ ಮಾತು ಹಳ್ಳಿಯಲ್ಲೂ ನಿಮ್ಮ ಕಿವಿಗೆ ಬೀಳುತ್ತದೆ. ಬೇಡವೇ ಬೇಡ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪದ್ಧತಿ ಇದೆ. ಸಿಕ್ಕಿಬಿದ್ದರೆ ನಿಷೇಧ ಬೀಳುವುದು ಮಗುವಿಗೆ. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಹೇಳಿಕೊಂಡು ಆಡು ಎಂದು ನಾವೇ ಕಲಿಸಿದಂತಾಗುತ್ತದೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆ ದಾಖಲೆ ಮೂರರಲ್ಲೂ ಹೆಸರು, ತಾರೀಕು ಒಂದೇ ಇದೆಯಾ ನೋಡಿಕೊಳ್ಳಿ. ಹಳ್ಳಿ ಮಕ್ಕಳ ಆಟ ಇಂಥ ಕಾಗದದ ತಪ್ಪಿನಲ್ಲೂ ನಿಂತುಹೋಗುತ್ತದೆ.

ಹಾಸ್ಟೆಲ್‌ಗೆ ಕಳಿಸುವುದಾ?

ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ಚರ್ಚೆ ಇದೇ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ಶಾಲೆ, ಕ್ರೀಡಾ ನಿಲಯಗಳನ್ನು ನಡೆಸುತ್ತದೆ. ಹಾಕಿಗೆ ಕೊಡಗಿನ ಕೂಡಿಗೆ, ಪೊನ್ನಂಪೇಟೆ ಹೆಸರುವಾಸಿ. ಆಯ್ಕೆಯಾದರೆ ಊಟ, ವಸತಿ, ತರಬೇತಿ ಸರ್ಕಾರದ್ದು. ಟರ್ಫ್ ಕಾಲಬುಡದಲ್ಲೇ. ಹಳ್ಳಿಯಲ್ಲಿ ಮೈದಾನವಿಲ್ಲದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಬಾಗಿಲಿಲ್ಲ. ಆಯ್ಕೆ ಪ್ರಕಟಣೆಗಾಗಿ ನಿಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿರುವ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಆದರೆ ಮಗು ಮನೆ ಬಿಡುತ್ತದೆ. ಹಾಗಾಗಿ ಹೋಗಿ ನೋಡದೆ ಸೇರಿಸಬೇಡಿ. ಹುಡುಗಿಯರಿಗೆ ಮಹಿಳಾ ವಾರ್ಡನ್ ಇದ್ದಾರಾ? ರಾತ್ರಿ ಜ್ವರ ಬಂದರೆ ಯಾರು ಕರೆದೊಯ್ಯುತ್ತಾರೆ? ಮನೆಗೆ ಫೋನ್ ಯಾವಾಗ? ಪೆಟ್ಟಾಗಿ ಆಟ ಬಿಟ್ಟರೆ ಓದು ಏನಾಗುತ್ತದೆ? ಕೇಳಿದ್ದಕ್ಕೆ ಸಿಡುಕುವವರಿದ್ದರೆ ಅದೂ ಒಂದು ಉತ್ತರವೇ. ಹಾಸ್ಟೆಲ್ ಇರಲಿ, ಊರ ಮೈದಾನವಿರಲಿ, ಯಾರಾದರೂ ಹೊಡೆದರೆ, ಮುಟ್ಟಬಾರದ ಹಾಗೆ ಮುಟ್ಟಿದರೆ ಮನೆಯಲ್ಲಿ ಹೇಳಬೇಕೆಂದು ಮಗುವಿಗೆ ಮೊದಲೇ ತಿಳಿಸಿ. ಮಕ್ಕಳ ಸಹಾಯವಾಣಿ 1098, ಕರೆ ಉಚಿತ. ಮಗುವಿಗೆ ಈ ಸಂಖ್ಯೆ ಬಾಯಿಪಾಠವಿರಲಿ.

ನಮ್ಮಲ್ಲಿ ಒಬ್ಬರು ಕಳಿಸೋಣ ಎನ್ನುತ್ತೇವೆ, ಇನ್ನೊಬ್ಬರು ಎಂಟನೇ ಕ್ಲಾಸಿನವರೆಗೆ ಕಾಯೋಣ ಎನ್ನುತ್ತೇವೆ. ಮಗಳನ್ನು ಕೇಳಿದರೆ, "ಅಲ್ಲಿ ನನ್ನ ಫ್ರೆಂಡ್ಸ್ ಬರ್ತಾರಾ?" ಅನ್ನುತ್ತಾಳೆ. ಒಂಬತ್ತು ವರ್ಷದವಳ ಪ್ರಶ್ನೆ ಅದು, ಸರಿಯಾಗಿಯೇ ಇದೆ. ಬೇಸಿಗೆ ರಜೆಯಲ್ಲಿ ಮೂವರೂ ಕೂಡಿಗೆಗೆ ಹೋಗಿ ನೋಡಿ ಬರುವುದು ಎಂದು ಮಾತಾಗಿದೆ. ಅಜ್ಜಿಯೂ ಬರುತ್ತಾರಂತೆ. ಹಲ್ಲಿಗೆ ಹಾಕುವುದನ್ನು ಮರೆಯದೆ ತನ್ನಿ ಎಂದು ಈಗಾಗಲೇ ಹೇಳಿದ್ದಾರೆ.

ನಿಮ್ಮ ತಾಲ್ಲೂಕಿನಲ್ಲಿ ಮಕ್ಕಳಿಗೆ ಹಾಕಿ ಕಲಿಸುವವರಿದ್ದರೆ, ಮೊದಲು ಒಂದು ಸಂಜೆ ಸುಮ್ಮನೆ ಹೋಗಿ ಕೂತು ನೋಡಿ. ಮಕ್ಕಳು ನಗುತ್ತಾ ಓಡುತ್ತಿದ್ದರೆ, ಕೊನೆಯವನಿಗೂ ಚೆಂಡು ಸಿಗುತ್ತಿದ್ದರೆ, ಮರುದಿನ ನಿಮ್ಮ ಮಗುವನ್ನು ಕರೆದುಕೊಂಡು ಹೋಗಿ.