ದೊಡ್ಡ ಟಿವಿ ಬಿಟ್ಟು ಪ್ರೊಜೆಕ್ಟರ್ ತಂದ ಕಥೆ

ಶುಂಠಿ ಬಗ್ಗೆ ಬರೀರಿ ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ. ಬರೀತೀನಿ. ಅದಕ್ಕೂ ಮೊದಲು, ಹರದನಹಳ್ಳಿಯ ನಮ್ಮ ಮನೆಗೆ ಬಂದವರೆಲ್ಲ ಕೇಳೋ ಪ್ರಶ್ನೆ ಒಂದಿದೆ: "ಏನಣ್ಣ, ನಡುಮನೆ ಗೋಡೆ ಖಾಲಿ, ಟಿವಿ ಎಲ್ಲಿ?"

2023ರಲ್ಲಿ ಹಳೇ ಟಿವಿಗೆ ಉದ್ದಕ್ಕೆ ಗೆರೆ ಬಿತ್ತು. ಮಗ 65 ಇಂಚಿನದ್ದೇ ಬೇಕು ಅಂದ. ನನ್ನ ತಲೇಲಿದ್ದದ್ದು ಟೆಂಟು. ನಮ್ಮ ವಯಸ್ಸಿನವರಿಗೆ ಹೇಳೋದೇ ಬೇಡ, ಕತ್ತಲಾಗೋ ಹೊತ್ತಿಗೆ ಟೆಂಟಿನ ಮೈಕಲ್ಲಿ 'ನಮೋ ವೆಂಕಟೇಶ' ಹಾಕಿದ್ರೆ ಉಣ್ತಿದ್ದ ಮುದ್ದೆ ಅರ್ಧಕ್ಕೇ ಬಿಟ್ಟು ಓಡ್ತಿದ್ವಿ. ನೆಲದಲ್ಲಿ ಕೂತು ತಲೆ ಎತ್ತಿದ್ರೆ ರಾಜ್‌ಕುಮಾರ್ ಮುಖ ಮನೆ ಬಾಗಿಲಿಗಿಂತ ದೊಡ್ಡದು.

ಲೆಕ್ಕ ಹಾಕಿದೆ. 65 ಇಂಚು ಅನ್ನೋದು ಮೂಲೆಯಿಂದ ಮೂಲೆಗೆ. ಒಟ್ಟು ಹನ್ನೆರಡೂವರೆ ಚದರಡಿ. ಗೋಡೆ ಮೇಲೆ 100 ಇಂಚು ಬಿಟ್ಟರೆ ಅಗಲ ಏಳೂಕಾಲು ಅಡಿ, ಎತ್ತರ ನಾಲ್ಕಡಿ, ಸುಮಾರು 30 ಚದರಡಿ. ನಾನು ನೋಡಿದ ಪ್ರೊಜೆಕ್ಟರ್ ಆ ಟಿವಿಗಿಂತ ಅಗ್ಗ ಬೇರೆ. ತಂದೇಬಿಟ್ಟೆ.

ಬೆಳಕಿನ ಲೆಕ್ಕ ಮಾತ್ರ ಹಾಕಿರಲಿಲ್ಲ. ಒಂದೇ ಪಂಪಿನ ನೀರು ಒಂದೆಕರೆಗೂ ಬಿಡಬಹುದು, ನಾಲ್ಕೆಕರೆಗೂ ಬಿಡಬಹುದು. ನಾಲ್ಕೆಕರೆಗೆ ಬಿಟ್ರೆ ನೆಲ ಒದ್ದೆ ಆಗುತ್ತೆ ಅಷ್ಟೆ. ಚಿತ್ರದ ಅಗಲ ಎರಡು ಪಟ್ಟು ಮಾಡಿದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಇನ್ನೊಂದು, ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡೋಕೆ ಬರಲ್ಲ. ನಮಗೆ ಕಾಣೋ ಕಪ್ಪು ಆ ಕೋಣೆಯ ಕತ್ತಲೆ. ಕೋಣೇಲಿ ಬಿಸಿಲಿದ್ರೆ ಕಪ್ಪು ಕೂದಲೂ ಬೂದಿ ಬಣ್ಣ.

ಇದು ಗೊತ್ತಾಗಿದ್ದು ನವೆಂಬರ್ 19ಕ್ಕೆ, ವಿಶ್ವಕಪ್ ಫೈನಲ್ ದಿನ. ಮ್ಯಾಚ್ ಮಧ್ಯಾಹ್ನ ಎರಡಕ್ಕೆ ಶುರು. ರಾಗಿ ಕೊಯ್ಲು ಬಿಟ್ಟು ಹದಿನೈದಿಪ್ಪತ್ತು ಜನ ಬಂದಿದ್ರು. ಕಿಟಕಿಗೆ ಕಂಬಳಿ, ಬಾಗಿಲಿಗೆ ಟಾರ್ಪಾಲು ಕಟ್ಟಿದ್ರೂ ಬಾಲ್ ಎಲ್ಲಿ ಹೋಯ್ತು ಅಂತ ಕಾಣ್ತಿರಲಿಲ್ಲ. ನಮ್ಮವರು 240 ಹೊಡೆದದ್ದನ್ನ ಕಿವೀಲಿ ಕೇಳಿದ್ವಿ. ಸೂರ್ಯ ಮುಳುಗಿದ ಮೇಲೆ ಚಿತ್ರ ಥಿಯೇಟರ್ ಥರ ಬಂತು ನೋಡಿ, ಆಗ ಟ್ರಾವಿಸ್ ಹೆಡ್ 137 ಹೊಡೆದದ್ದು ಒಂದೊಂದೂ ಸ್ಪಷ್ಟ!

ಅದು ನಗೋ ಮಾತು. ಇನ್ನೊಂದು ನಗೋದಲ್ಲ.

ಅವ್ವಂಗೆ ಮಂಡಿ ನೋವು, ಹೊಲಕ್ಕೆ ಬರೋದು ನಿಲ್ಲಿಸಿ ಎರಡು ವರ್ಷವಾಗಿತ್ತು. ನಾವೆಲ್ಲ ಹೊರಗೆ ಹೋದ ಮೇಲೆ ಹಗಲೆಲ್ಲ ಅವಳಿಗೆ ಜೊತೆ ಅಂತ ಇದ್ದದ್ದು ಟಿವಿ. ಗೆರೆ ಇದ್ರೂ ನೋಡ್ತಿದ್ಲು. ಅದನ್ನ ನಾನು ಗುಜರಿಗೆ ಹಾಕಿದ್ದೆ. ಒಂದಿನ ಮಧ್ಯಾಹ್ನ ಮೋಟಾರ್ ಸ್ಟಾರ್ಟರ್ ಕೆಟ್ಟಿತು ಅಂತ ಬೇಗ ಬಂದೆ. ಮನೇಲಿ ಅವ್ವ ಇಲ್ಲ. ಎದುರು ಮನೆ ಹೊಸ್ತಿಲಾಚೆ, ಕೋಲು ಪಕ್ಕಕ್ಕಿಟ್ಟುಕೊಂಡು, ಕತ್ತು ಬಗ್ಗಿಸಿ ಅವರ ಟಿವೀಲಿ ಧಾರಾವಾಹಿ ನೋಡ್ತಾ ಕೂತಿದ್ಲು. "ನೀನು ರಾತ್ರಿ ನೋಡೋನು, ನಂದು ಹಗಲಿಂದು ಕಣಪ್ಪ" ಅಂದ್ಲು, ಅಷ್ಟೆ. ಸಂಜೆಯೇ ಹೊಳೆನರಸೀಪುರಕ್ಕೆ ಹೋಗಿ 32 ಇಂಚಿನ ಟಿವಿ ತಂದು ಅವಳ ಕೋಣೇಲಿ ಇಟ್ಟೆ. ಎರಡೂ ಸೇರಿಸಿದ್ರೆ ಮಗ ಕೇಳಿದ ಟಿವಿ ರೇಟೇ ಆಯ್ತು.

ತಗೊಳ್ಳೋರಿದ್ರೆ ನಾನು ಬಿದ್ದ ಗುಂಡಿ ಹೇಳ್ತೀನಿ. ಡಬ್ಬದ ಮೇಲೆ ಬರೀ "ಲ್ಯೂಮೆನ್" ಅಂತ ಸಾವಿರಗಟ್ಟಲೆ ಇದ್ರೆ ನಂಬಬೇಡಿ, ಆನ್ಸಿ ಲ್ಯೂಮೆನ್ ಎಷ್ಟು ಅಂತ ಕೇಳಿ. "4ಕೆ ಸಪೋರ್ಟ್" ಅಂದ್ರೆ 4ಕೆ ಚಿತ್ರ ಕೊಟ್ರೆ ತಗೊಳ್ಳುತ್ತೆ ಅಂತ ಅರ್ಥ, 4ಕೆ ತೋರಿಸುತ್ತೆ ಅಂತಲ್ಲ. ಮೊದಲು ಟೇಪು ಹಿಡೀರಿ: ನನ್ನದಕ್ಕೆ 100 ಇಂಚು ಬರೋಕೆ ಗೋಡೆಯಿಂದ ಒಂಬತ್ತಡಿ ಬೇಕು, ನಡುವೆ ಸೀಲಿಂಗ್ ಫ್ಯಾನ್ ಅಡ್ಡ ಬಂತು, ಶೆಲ್ಫ್ ಇಳಿಸಬೇಕಾಯ್ತು. ಗೋಡೆ ತಿಳಿಹಸಿರು ಇತ್ತು, ಎಲ್ಲರ ಮುಖವೂ ಕಾಮಾಲೆ ಬಂದಂಗೆ, ಬಿಳಿ ಹೊಡೆಸಿದೆ. ಒಕ್ಕಣೆ ಧೂಳಿನ ಕಾಲದಲ್ಲಿ ಫಿಲ್ಟರ್ ವಾರಕ್ಕೊಮ್ಮೆ ಬ್ರಷ್ ಮಾಡಬೇಕು. ಮೊದಲ ಮಳೆಗೆ ರೆಕ್ಕೆ ಗೆದ್ದಲು ಬಂದ್ರೆ ಸುಮ್ನೆ ಆಫ್ ಮಾಡಿ ಮಲಗೋದೇ. ಕರೆಂಟ್ ಹೋದ್ರೆ ಯುಪಿಎಸ್ ಮೇಲೆ ಸಿನಿಮಾ ಮುಗಿಯುತ್ತೆ, ಅದೊಂದು ಚಿಂತೆ ಇಲ್ಲ.

ಹೋದ ಶನಿವಾರ 'ಬಂಗಾರದ ಮನುಷ್ಯ' ಹಾಕಿದ್ವಿ. ಅವ್ವ ಕೋಣೆಯಿಂದ ಎದ್ದು ಬಂದು ಕುರ್ಚಿ ಬೇಡ ಅಂದು ನೆಲದ ಮೇಲೇ ಕೂತ್ಲು, ಮಂಡಿ ನೋವಿದ್ರೂ. ಟೆಂಟಲ್ಲಿ ನೋಡಿದ್ಳಂತೆ. ರಾಜ್‌ಕುಮಾರ್ ಹಣೆ ಮೇಲೆ ಹಲ್ಲಿ ಓಡಾಡ್ತಿತ್ತು, ಯಾರೂ ಓಡಿಸಲಿಲ್ಲ.

ನೋಡೋಕೆ ಬರೋರು ಕತ್ತಲಾದ ಮೇಲೆ ಬನ್ನಿ. ಶುಂಠಿ ವಿಷಯ ಮುಂದಿನ ವಾರ.